ಲಂಡನ್ನಿನ ನೆರಳು, ಕೂಡ್ಲಿಗಿಯ ಬಿಸಿಲು

ಕಳೆದ ಡಿಸೆಂಬರ್ ರಜೆಗೆ ಊರಿಗೆ ಹೋಗುವಾಗ ಅಪ್ಪನಿಗೆ ಒಂದು ಹಿತ್ತಾಳೆಯ ನೆರಳು ಗಡಿಯಾರ ಒಯ್ದಿದ್ದೆ. ಆನ್‌ಲೈನ್‌ನಲ್ಲಿ ಕಂಡಿತ್ತು, ಚೆಂದ ಇತ್ತು, ತರಿಸಿದೆ ಅಷ್ಟೇ. ಒಂದು ದುಂಡನೆಯ ತಟ್ಟೆ, ಅದರ ಮೇಲೆ ರೋಮನ್ ಅಂಕಿಗಳು, ನಡುವೆ ತ್ರಿಕೋನದ ಒಂದು ರೆಕ್ಕೆ. ಕೂಡ್ಲಿಗಿಯ ನಮ್ಮ ಮನೆಯ ಕಾಂಪೌಂಡ್ ಗೋಡೆಯ ಮೇಲೆ ಸಿಮೆಂಟ್ ಹಾಕಿ ಕೂರಿಸಿದೆ. ಬೆಳಿಗ್ಗೆ ಫೋನಿನಲ್ಲಿ 9:24 ಆಗಿದ್ದಾಗ ತಟ್ಟೆಯ ನೆರಳು 9:18ರ ಹತ್ತಿರ ಇತ್ತು. ಆರೇ ನಿಮಿಷ ವ್ಯತ್ಯಾಸ, ಪರವಾಗಿಲ್ಲ ಅಂದುಕೊಂಡು ಬೆಂಗಳೂರಿನ ಬಸ್ಸು ಹತ್ತಿದೆ.

ಮೇ ಮೊದಲ ವಾರ ಅಪ್ಪ ಕಣ್ಣಿನ ತಪಾಸಣೆಗೆ ಬಳ್ಳಾರಿಗೆ ಹೋಗಬೇಕಿತ್ತು. ರಾತ್ರಿಯಿಡೀ ಕರೆಂಟ್ ಇರಲಿಲ್ಲ, ಮೊಬೈಲ್ ಸತ್ತಿತ್ತು. ಒಂಬತ್ತರ ಬಸ್ಸಿಗೆ ಎಂಟಕ್ಕೇ ಮನೆ ಬಿಟ್ಟರಾಯಿತು ಅಂತ ಲೆಕ್ಕ ಹಾಕಿ, ತಟ್ಟೆ ಎಂಟು ತೋರಿಸಿದಾಗ ಹೊರಟಿದ್ದಾರೆ. ಸ್ಟ್ಯಾಂಡಿನಲ್ಲಿ ವಿಚಾರಿಸಿದರೆ ಆಗಲೇ ಒಂಬತ್ತೂವರೆ. ಬಸ್ಸೂ ಹೋಗಿತ್ತು, ಆ ದಿನದ ಟೋಕನ್ನೂ ಹೋಯಿತು. ಮುಂದಿನ ಸರದಿ ಸಿಕ್ಕಿದ್ದು ಮೂರು ವಾರದ ನಂತರ.

ಸಂಜೆ ಫೋನಿನಲ್ಲಿ ನಾನು ಕೇಳಿದೆ, "ನೀವು ಬೇವಿನ ಮರ ನೋಡ್ಕೊಂಡೇ ಟೈಮ್ ಹೇಳ್ತಿದ್ರಲ್ಲಪ್ಪ?"

"ಬೇವಿನ ನೆಳ್ಳು ಒಂಬತ್ತು ಅಂತಿತ್ತು. ನಿನ್ನ ತಾಟು ಎಂಟು ಅಂತು. ನೀನು ಓದಿದೋನು, ಅದ್ಕೆ ಅದನ್ನ ನಂಬಿದೆ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ವಾರಾಂತ್ಯಕ್ಕೆ ಊರಿಗೆ ಓಡಿದೆ. ಜ್ಯಾಮಿಟ್ರಿ ಬಾಕ್ಸಿನ ಕೋನಮಾಪಕ ಇಟ್ಟು ಆ ತ್ರಿಕೋನವನ್ನು ಅಳೆದೆ. ಐವತ್ತೊಂದು ಡಿಗ್ರಿ ಚಿಲ್ಲರೆ, ಅಂದರೆ ಲಂಡನ್ನಿನ ಅಕ್ಷಾಂಶ. ನಮ್ಮ ಕೂಡ್ಲಿಗಿ ಇರುವುದು ಸುಮಾರು 15 ಡಿಗ್ರಿಯಲ್ಲಿ.

ವಿಷಯ ಇಷ್ಟೇ. ನೆರಳು ಬೀಳಿಸುವ ಅಂಚು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರಬೇಕು. ಅದಕ್ಕಾಗಿ ಅದು ನೆಲದಿಂದ ನಿಮ್ಮೂರಿನ ಅಕ್ಷಾಂಶದಷ್ಟೇ ಕೋನದಲ್ಲಿ ಎದ್ದು, ನೇರ ಉತ್ತರಕ್ಕೆ ಮುಖ ಮಾಡಬೇಕು. ಜೈಪುರದ ಸಾಮ್ರಾಟ್ ಯಂತ್ರದ ಇಳಿಜಾರು 27 ಡಿಗ್ರಿ, ಯಾಕೆಂದರೆ ಜೈಪುರ ಇರುವುದು ಅಲ್ಲಿ. ಜೈಪುರ, ಉಜ್ಜಯಿನಿ, ಕೂಡ್ಲಿಗಿ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ, ಸೂರ್ಯ ನೆತ್ತಿಗೆ ಬರುವುದರಲ್ಲಿ ಎರಡು ಮೂರು ನಿಮಿಷದ ವ್ಯತ್ಯಾಸ ಅಷ್ಟೇ. ಆದರೂ ಒಂದೂರಿನ ಯಂತ್ರ ಇನ್ನೊಂದೂರಿಗೆ ಹಾಗೇ ಹೊಂದುವುದಿಲ್ಲ.

ಹಾಗಾದರೆ ಡಿಸೆಂಬರ್‌ನಲ್ಲಿ ಸರಿಯಾಗಿ ತೋರಿಸಿದ್ದು ಹೇಗೆ? ಕೋನ ತಪ್ಪಿದಾಗ ತಪ್ಪು ಎಲ್ಲ ದಿನವೂ ಒಂದೇ ಥರ ಇರುವುದಿಲ್ಲ, ಸೂರ್ಯ ಉತ್ತರಕ್ಕೆ ಸರಿದಂತೆ ಬೆಳೆಯುತ್ತದೆ. ಲೆಕ್ಕ ಮಾಡಿ ನೋಡಿದೆ. ಡಿಸೆಂಬರ್ ಕೊನೆಯ ಬೆಳಿಗ್ಗೆ ನಮ್ಮ ಸೂರ್ಯನ ಸಮಯ ಗಡಿಯಾರಕ್ಕಿಂತ 24 ನಿಮಿಷ ಹಿಂದೆ, ತಟ್ಟೆ 18 ನಿಮಿಷ ಮುಂದೆ. ಒಂದು ತಪ್ಪು ಇನ್ನೊಂದನ್ನು ಮುಚ್ಚಿಹಾಕಿತ್ತು. ಮೇ ತಿಂಗಳಲ್ಲಿ ಅದೇ ತಟ್ಟೆ ಬೆಳಿಗ್ಗೆ ಒಂದು ಗಂಟೆ ಹಿಂದೆ ಬೀಳುತ್ತದೆ. 24 ನಿಮಿಷದ್ದು ಹೆಚ್ಚುಕಡಿಮೆ ಹಾಗೇ ಇರುವುದರಿಂದ ಫೋನಿನಲ್ಲಿ 9:20 ಆದಾಗ ಅಲ್ಲಿ ಎಂಟು. ಮಧ್ಯಾಹ್ನದ ಮೇಲೆ ಉಲ್ಟಾ, ಮುಂದೆ ಓಡುತ್ತದೆ. ಆಫೀಸಿನಲ್ಲಿ ಒಂದೇ ಟೆಸ್ಟ್ ಕೇಸ್ ನೋಡಿ ಯಾರಾದರೂ ರಿಲೀಸ್ ಮಾಡಿದರೆ ನಾನೇ ಮೊದಲು ಕೂಗಾಡುವವನು!

ಆ 24 ನಿಮಿಷ ಎಲ್ಲಿಂದ ಬಂತು ಅಂದರೆ, ನಮ್ಮೆಲ್ಲರ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಕೂಡ್ಲಿಗಿ ಇರುವುದು 76.4ರಲ್ಲಿ. ಪ್ರತಿ ಡಿಗ್ರಿಗೆ ನಾಲ್ಕು ನಿಮಿಷ.

ತಟ್ಟೆಯ ದಕ್ಷಿಣದ ಅಂಚನ್ನು 36 ಡಿಗ್ರಿ ಎತ್ತಿ ಓರೆ ಮಾಡಿದರೆ ಕೋನ ಸರಿಹೋಗುತ್ತದೆ. ಆದರೆ ಆಗ ತಟ್ಟೆಯ ಪಾಲಿಗೆ ಅದು ಲಂಡನ್ನಿನ ನೆಲ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಮಾತ್ರ ಅದರ ಮೇಲೆ ಬಿಸಿಲು. ದಕ್ಷಿಣದ ಗೋಡೆಗೆ ಗೀಟು ಹಾಕೋಣ ಅಂದರೆ, ಮೇ 1ರ ಆಸುಪಾಸಿನಿಂದ ಆಗಸ್ಟ್ 12ರವರೆಗೆ ಆ ಗೋಡೆಗೆ ಬಿಸಿಲೇ ಬೀಳದು. ಯುರೋಪಿನ ಚರ್ಚುಗಳ ಗೋಡೆಗೆ ಒಪ್ಪುವುದು ನಮ್ಮಲ್ಲಿ ನೂರು ದಿನ ಕುರುಡು. 15 ಡಿಗ್ರಿಗೆ ಹೊಸ ತಟ್ಟೆ ಮಾಡಿಸಬಹುದು, ಆದರೆ ಹನ್ನೊಂದು ಮತ್ತು ಹನ್ನೆರಡರ ಗೀಟಿನ ನಡುವೆ ಬರೀ ನಾಲ್ಕು ಡಿಗ್ರಿ ಅಂತರ ಇರುತ್ತದೆ. ಅಪ್ಪನ ಕಣ್ಣಿಗೆ ಅದು ಕಾಣಬೇಕಲ್ಲ?

ಕೊನೆಗೆ ಉಪಾಯ ಹಿತ್ತಲಲ್ಲೇ ಬಿದ್ದಿತ್ತು. ನೀರು ಬೀಳದ ಬೋರ್‌ವೆಲ್ಲಿನಿಂದ ಉಳಿದ ಆರು ಇಂಚಿನ ಕೇಸಿಂಗ್ ಪೈಪು. ಒಂದಡಿ ತುಂಡು ಮಾಡಿ, ಉದ್ದಕ್ಕೆ ಸೀಳಿ ತೊಟ್ಟಿಯ ಹಾಗೆ ಮಾಡಿದೆವು. ಎರಡೂ ತುದಿಗೆ ಮೊಳೆ ಹೊಡೆದು ನಟ್ಟನಡುವೆ ತಂತಿ ಬಿಗಿದೆವು. ಉತ್ತರದ ತುದಿಯನ್ನು 15 ಡಿಗ್ರಿ ಎತ್ತಿದರೆ ತಂತಿಯೇ ಭೂಮಿಯ ಅಕ್ಷ. ಒಳಮೈಯಲ್ಲಿ ಗಂಟೆಗೆ ಸರಿಯಾಗಿ ಎರಡು ಸೆಂಟಿಮೀಟರ್, ಎಲ್ಲ ಗೀಟೂ ಸಮ. 24 ನಿಮಿಷವನ್ನು ಗೀಟುಗಳನ್ನೇ ಎಂಟು ಮಿಲಿಮೀಟರ್ ಸರಿಸಿ ಕಳೆದೆವು.

ದಿಕ್ಕಿನಲ್ಲೂ ಒಮ್ಮೆ ಎಡವಿದೆ. ಮಾಳಿಗೆಯ ಮೇಲೆ ಚಾಚಿಕೊಂಡಿದ್ದ ಪಿಲ್ಲರ್ ಕಂಬಿಗಳ ಹತ್ತಿರ ಫೋನಿನ ದಿಕ್ಸೂಚಿ ಹೆಜ್ಜೆಗೊಂದು ಉತ್ತರ ತೋರಿಸಿತು. ಅಂಗಳಕ್ಕಿಳಿದು ಹಳೆಯ ದಾರಿ ಹಿಡಿದೆವು. ನೆಟ್ಟಗೆ ಒಂದು ಕೋಲು, ಸುತ್ತ ಒಂದು ವೃತ್ತ. ನೆರಳಿನ ತುದಿ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನದ ಮೇಲೆ ಒಮ್ಮೆ ವೃತ್ತ ಮುಟ್ಟುತ್ತದೆ. ಆ ಎರಡು ಚುಕ್ಕೆ ಸೇರಿಸಿದರೆ ಪೂರ್ವ ಪಶ್ಚಿಮ. ಶುಲ್ಬಸೂತ್ರಗಳ ಕಾಲದ ವಿಧಾನ ಇದು, ಬ್ಯಾಟರಿ ಬೇಡ.

ಇಷ್ಟಾದರೂ ಪೈಪು ಫೋನಿಗೆ ಪೂರ್ತಿ ತಾಳೆಯಾಗುವುದು ವರ್ಷಕ್ಕೆ ನಾಲ್ಕೇ ದಿನ. ಫೆಬ್ರವರಿ ನಡುವೆ 14 ನಿಮಿಷ ಹಿಂದೆ, ನವೆಂಬರ್ ಮೊದಲ ವಾರ 16 ನಿಮಿಷ ಮುಂದೆ. ಭೂಮಿಯ ಓರೆ ಮತ್ತು ದೀರ್ಘವೃತ್ತದ ಕಕ್ಷೆಯ ಫಲ ಅದು. ಈ ಸಲ ಹನ್ನೆರಡು ತಿಂಗಳಿನ ಪಟ್ಟಿಯನ್ನೂ ದಪ್ಪ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ ಬಂದಿದ್ದೇನೆ.

ಕೆಲಸ ಮುಗಿದ ಮೇಲೆ ಅಪ್ಪ ಬೇವಿನ ಬುಡಕ್ಕೆ ಕರೆದು ಹೂತಿಟ್ಟ ಕಲ್ಲುಗಳನ್ನು ತೋರಿಸಿದರು. ಬೇಸಿಗೆಗೆ ಒಂದು ಸಾಲು, ಚಳಿಗಾಲಕ್ಕೆ ಇನ್ನೊಂದು. ಚಿಕ್ಕಂದಿನಲ್ಲಿ ನಾನು ಅವುಗಳ ಮೇಲೆ ಕುಂಟಾಬಿಲ್ಲೆ ಆಡುತ್ತಿದ್ದೆ, ಎರಡು ಸಾಲು ಯಾಕೆ ಅಂತ ಒಮ್ಮೆಯೂ ಕೇಳಿರಲಿಲ್ಲ.

ನೀವೂ ನೆರಳು ಗಡಿಯಾರ ಕೊಳ್ಳುವುದಾದರೆ ಮೊದಲು ಕೋನ ಕೇಳಿ. ಬೆಂಗಳೂರು, ಮಂಗಳೂರಿಗೆ 13, ಹುಬ್ಬಳ್ಳಿಗೆ 15 ಚಿಲ್ಲರೆ, ಕಲಬುರಗಿಗೆ 17 ಚಿಲ್ಲರೆ. ಹಾಕಿದ ಮೇಲೆ ಡಿಸೆಂಬರ್‌ನಲ್ಲೂ ನೋಡಿ, ಮೇ ತಿಂಗಳಲ್ಲೂ ನೋಡಿ. ಮೂರು ವಾರದ ನಂತರದ ತಪಾಸಣೆಗೆ ಅಪ್ಪ ಸರಿಯಾದ ಬಸ್ಸಿಗೇ ಹೋದರು. ಪೈಪು ನೋಡಿ ಹೊರಟಿರಾ ಅಂತ ಕೇಳಿದ್ದಕ್ಕೆ, "ಎರಡೂ ನೋಡಿದೆ" ಅಂದರು.