ಜೋಳಿಗೆಗೆ ಬೀಳದ ಮಾತ್ರೆ



ಇಳಕಲ್ಲಿನ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ನಡೆದು, ಕಾಣಿಕೆಯ ಬದಲು ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದವರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ನಾಡಿಗೆ ವ್ಯಸನಮುಕ್ತ ದಿನ. ಸೆರೆ, ಬೀಡಿ, ಗುಟಕಾಗಳನ್ನು ದುಶ್ಚಟವೆಂದು ಎಲ್ಲರೂ ಬಲ್ಲರು. ಆದರೆ ವೈದ್ಯರ ಚೀಟಿಯೊಡನೆ ಮನೆಹೊಕ್ಕು, ಚೀಟಿಯ ಅವಧಿ ಮುಗಿದ ಮೇಲೂ ಉಳಿದುಕೊಂಡ ನಿದ್ರೆಯ ಮಾತ್ರೆಯನ್ನು ಹಾಗೆಂದು ಎಣಿಸುವವರು ವಿರಳ.

ಡಯಾಜೆಪಾಮ್ 1963ರಲ್ಲಿ ಬಳಕೆಗೆ ಬಂದಾಗ, ಹಳೆಯ ನಿದ್ರಾಜನಕಗಳಿಗಿಂತ ಇದು ನಿರಪಾಯವೆಂದು ಲೋಕ ನಂಬಿತು. ಈ ವರ್ಗದ ಎಲ್ಲ ಔಷಧಗಳ ಮೇಲೂ ದುರ್ಬಳಕೆ ಮತ್ತು ಅವಲಂಬನೆಯ ಕಠಿಣ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಕರು ಮುದ್ರಿಸಲು ಹೇಳಿದ್ದು 2020ರಲ್ಲಿ. ನಮ್ಮ ದೇಶದಲ್ಲಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯು, ಶಾಮಕ ಮಾತ್ರೆಗಳನ್ನು ಚಿಕಿತ್ಸೆಗಲ್ಲದೆ ಬಳಸುವವರು ಸುಮಾರು 1.18 ಕೋಟಿ ಎಂದಿತು. ಮದ್ಯ ಸೇವಿಸುವವರು ಸುಮಾರು 16 ಕೋಟಿ.

ಮದ್ಯವೂ ಈ ಮಾತ್ರೆಯೂ ಮಿದುಳನ್ನು ಶಾಂತಗೊಳಿಸುವ ಒಂದೇ ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತವೆ. ಎರಡೂ ಕೂಡಿದರೆ ನಿದ್ರೆಯಲ್ಲಿಯೇ ಉಸಿರು ನಿಲ್ಲಬಹುದು. ಇದು ಒಂದು ರಾತ್ರಿಯ ಮರಣ. ಇನ್ನೊಂದು ವರ್ಷಗಳ ಮರಣ. ಯಕೃತ್ತು ಕಲ್ಲಾಗುತ್ತದೆ, ಬಚ್ಚಲಲ್ಲಿ ಜಾರಿ ಸೊಂಟ ಮುರಿಯುತ್ತದೆ, ವಾಹನ ದಾರಿ ತಪ್ಪುತ್ತದೆ, ಮನಸ್ಸು ಆತ್ಮಹತ್ಯೆಯತ್ತ ವಾಲುತ್ತದೆ. ಊರವರು ಕಾಮಾಲೆ ಎನ್ನುತ್ತಾರೆ, ಅಪಘಾತ ಎನ್ನುತ್ತಾರೆ. ವ್ಯಸನದ ಹೆಸರು ಎಲ್ಲಿಯೂ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಮದ್ಯದಿಂದಾದ ಸಾವುಗಳೇ ಸುಮಾರು 26 ಲಕ್ಷ.

ಆದುದರಿಂದ ಒಂದು ಮಾತನ್ನು ವಿನಯದಿಂದ ಹೇಳಬಯಸುತ್ತೇನೆ. ಬಹುಕಾಲದ ವ್ಯಸನಿಗೆ ಒಂದು ದಿನದ ಆಣೆ ಸಾಲದು. ಕೆಲವೊಮ್ಮೆ ಅದೇ ಅಪಾಯ. ವರ್ಷಗಟ್ಟಲೆ ಕುಡಿದವನು, ಮಾತ್ರೆ ನುಂಗಿದವನು ಭಾವಾವೇಶದಲ್ಲಿ ಒಮ್ಮೆಲೇ ಬಿಟ್ಟರೆ ನಡುಕ, ಸೆಳವು, ಸನ್ನಿ ಕಾಣಿಸಿ ಪ್ರಾಣಕ್ಕೇ ಎರವಾಗಬಹುದು. ಮಾತ್ರೆಯನ್ನು ವೈದ್ಯರ ಕಣ್ಣೆದುರು ವಾರಗಳಲ್ಲಿ, ತಿಂಗಳುಗಳಲ್ಲಿ ಇಳಿಸಬೇಕು. ರೋಗಕ್ಕೆಂದು ವೈದ್ಯರು ಕೊಟ್ಟ ಔಷಧವನ್ನು ತಾನಾಗಿ ಎಸೆಯುವುದೂ ತರವಲ್ಲ. ಸಂಕಲ್ಪ ಗುರುವಿನ ಮುಂದೆ ಆಗಲಿ, ಬಿಡುವ ಕ್ರಮ ವೈದ್ಯನ ಕೈಯಲ್ಲಿರಲಿ.

ಬಿಟ್ಟವನು ಮತ್ತೆ ಎಡವಿದರೆ ನಾವು ಮಾತು ಕೆಟ್ಟವನೆಂದು ದೂರವಿಡುತ್ತೇವೆ. ಅವನು ನಾಚಿ ಮರೆಯಾಗುತ್ತಾನೆ. ಮರಣಕ್ಕೆ ಬೇಕಾದುದು ಆ ಮರೆಯೇ. ಸಕ್ಕರೆ ಕಾಯಿಲೆಯವನನ್ನು ವರ್ಷವಿಡೀ ವಿಚಾರಿಸುವ ನಾವು ಇವನನ್ನೂ ಹಾಗೆಯೇ ವಿಚಾರಿಸಬಾರದೇಕೆ? ದಾಸೋಹವೆಂದರೆ ಅನ್ನ ನೀಡುವುದಷ್ಟೇ ಅಲ್ಲ, ಎಡವಿದವನ ಮನೆಗೆ ಹತ್ತನೆಯ ಸಲವೂ ಹೋಗುವುದು. ಯಾರೊಡನೆ ಹೇಳಿಕೊಳ್ಳಲೆಂದು ತಿಳಿಯದವರಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ.

ಇಂದು ರಾತ್ರಿ ನಮ್ಮ ಮನೆಯ ಮಾತ್ರೆಯ ಡಬ್ಬಿಯನ್ನು ಒಮ್ಮೆ ತೆರೆದು ನೋಡೋಣ.