ಹೊಟ್ಟಿನ ಬಣ್ಣ ತೊಳೆಯಬೇಡಿ

ಬಾದಾಮಿ ಬನಶಂಕರಿ ಗುಡಿಯ ಮುಂದೆ ಅವ್ವಂದಿರು ಬುಟ್ಟಿಯಲ್ಲಿ ತಂದು ಮಾರುವ ಊಟ ಉಣ್ಣದವರು ನಮ್ಮ ಕಡೆ ಕಡಿಮೆ. ಜೋಳದ ರೊಟ್ಟಿ, ಕೆಂಪು ಚಟ್ನಿ, ಮೊಸರು, ಕಾಳುಪಲ್ಯ. ಆ ಪಲ್ಯದಲ್ಲಿ ಕಾಳು ಸಿಪ್ಪೆಸಮೇತ ಇರುತ್ತದೆ. ಬೇಳೆ ಮಾಡಲು ಮಿಲ್‌ಗೆ ಹೋದ ಕಾಳಿನ ಸಿಪ್ಪೆ ಮಾತ್ರ ಹೊಟ್ಟಾಗಿ ದನದ ಮೇವಿಗೆ ಸೇರುತ್ತದೆ. ತೊಗರಿ, ಕಡಲೆಯ ತೂಕದಲ್ಲಿ ಅದರ ಪಾಲು ಸುಮಾರು ಶೇ 10ರಿಂದ 15.

ಈ ಹೊಟ್ಟಿನಿಂದ ನಾರಿನ ಪುಡಿ ತಯಾರಿಸಿ ಬಿಸ್ಕತ್ತು, ಬ್ರೆಡ್ಡಿಗೆ ಬೆರೆಸಬಹುದು. ಆಹಾರ ವಿಜ್ಞಾನ ಓದುತ್ತಿರುವ ನನ್ನ ತಕರಾರು ಒಂದೇ: ಪುಡಿ ಬೆಳ್ಳಗೇ ಇರಬೇಕೆಂಬ ಹಟ ಯಾಕೆ?

ಸಿಪ್ಪೆಗೆ ಬಣ್ಣ, ಒಗರು ಕೊಡುವುದು ಪಾಲಿಫಿನಾಲ್‌ಗಳು. ಕೆಲವು ಬಿಡಿಯಾಗಿದ್ದು ನೀರಿನಲ್ಲಿ ನೆನೆಸಿದಾಗ ಹೊರಬರುತ್ತವೆ. ಉಳಿದವು ನಾರಿಗೆ ರಾಸಾಯನಿಕವಾಗಿ ಅಂಟಿಕೊಂಡಿರುತ್ತವೆ. ಇವು ಜಠರ, ಸಣ್ಣ ಕರುಳು ದಾಟಿ ದೊಡ್ಡ ಕರುಳಿಗೆ ಹೋಗುತ್ತವೆ. ಅಲ್ಲಿನ ಬ್ಯಾಕ್ಟೀರಿಯಾಗಳು ನಾರನ್ನು ಒಡೆದಾಗಲೇ ಇವಕ್ಕೆ ಬಿಡುಗಡೆ. ಅಂದರೆ ನಾರು ಇಲ್ಲಿ ಬಂಡಿ, ಪಾಲಿಫಿನಾಲ್ ಅದರ ಸರಕು. ಕ್ಷಾರದಲ್ಲಿ ತೊಳೆದು ಬೆಳ್ಳಗೆ ಮಾಡಿದರೆ ಸರಕು ದಾರಿಯಲ್ಲೇ ಚೆಲ್ಲಿಹೋಗುತ್ತದೆ. ನಾರಿನ ಆ್ಯಂಟಿ ಆಕ್ಸಿಡೆಂಟ್ ಶಕ್ತಿ ಕುಗ್ಗುತ್ತದೆ. ನೀರು, ಕೊಬ್ಬು, ಸಕ್ಕರೆಯನ್ನು ಹಿಡಿದಿಡುವ ಗುಣವೂ ಬದಲಾಗುತ್ತದೆ.

ಹಾಗಂತ ಹೊಟ್ಟನ್ನು ಹಾಗೇ ತಿನ್ನಿ ಎನ್ನುತ್ತಿಲ್ಲ. ಒಗರಿನ ಟ್ಯಾನಿನ್ ಊಟದಲ್ಲಿರುವ ಕಬ್ಬಿಣದ ಅಂಶವನ್ನು ದೇಹಕ್ಕೆ ದಕ್ಕದಂತೆ ಮಾಡುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಮೊದಲೇ ಹೆಚ್ಚು. ಹೊಟ್ಟಿನಲ್ಲಿ ಮಣ್ಣು, ಕೀಟನಾಶಕದ ಶೇಷವೂ ಇರಬಹುದು. ಅದಕ್ಕೇ ಸ್ವಚ್ಛಗೊಳಿಸಿ, ನೆನೆಸಿ, ಹುರಿದು, ಅಳತೆಯಲ್ಲಿ ಬಳಸುವ ವಿಧಾನ ಬೇಕು. ಯಾವ ಕಾಳಿಗೆ ಎಷ್ಟು ಹೊತ್ತು ನೆನೆಸಬೇಕು, ಹುರಿದರೆ ಎಷ್ಟು ಉಳಿಯುತ್ತದೆ? ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವ ಗೆಳೆಯರೇ, ಇದಕ್ಕಿಂತ ಹತ್ತಿರದ ವಿಷಯ ಬೇಕೇ?

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಬೇಳೆಗೆ ಹೆಸರು ಬಂತು, ಹೊಟ್ಟಿಗೆ ಬರಲಿಲ್ಲ. ಕಿರು ಆಹಾರ ಉದ್ಯಮಗಳಿಗೆಂದು 2020ರಲ್ಲಿ ಶುರುವಾದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನವಿದೆ. ಕೆಲಸ ಹುಡುಕಿಕೊಂಡು ಬೆಂಗಳೂರಿನ ಬಸ್ ಹತ್ತುವ ಮೊದಲು ನಮ್ಮೂರ ಮಿಲ್ಲಿನ ಹಿಂದಿರುವ ಹೊಟ್ಟಿನ ರಾಶಿಯನ್ನೂ ಒಮ್ಮೆ ನೋಡೋಣ. ಆದರೆ ಪುಡಿ ಮಾರುವಾಗ ಅದು ಕಂದು ಬಣ್ಣದಲ್ಲೇ ಇರಲಿ. ಬೆಳ್ಳಗಿದ್ದರೆ ಮಾತ್ರ ಕೊಳ್ಳುವ ಚಟ ಬಿಡಬೇಕಾದವರು ಗಿರಾಕಿಗಳಾದ ನಾವೇ.