ಹೊಲದಲ್ಲಿ ಕಳೆ ಔಷಧಿ ಉಳಿದಿದೆಯಾ? ಹೇಳೋರು ಯಾರು?

ಮುಂಗಾರಿಗೆ ಮೆಕ್ಕೆಜೋಳ, ಹಿಂಗಾರಿಗೆ ಕಡಲೆ. ನಮ್ಮ ಕಡೆ ಎರೆಹೊಲದವರ ಲೆಕ್ಕ ಇಷ್ಟೇ. ಕಳೆ ತೆಗೆಯಲು ಆಳು ಸಿಗುವುದಿಲ್ಲ. ಅದಕ್ಕೇ ಮೆಕ್ಕೆಜೋಳ ಬಿತ್ತಿದ ಕೂಡಲೇ ಅಟ್ರಜಿನ್ ಹೊಡೆಯುತ್ತಾರೆ. ಅದನ್ನು ತಪ್ಪು ಅನ್ನಲಾರೆ. ಆದರೆ ಕಡಲೆ ಬಿತ್ತುವ ಹೊತ್ತಿಗೆ ಮಣ್ಣಲ್ಲಿ ಅದು ಎಷ್ಟು ಉಳಿದಿದೆ? ಮಳೆ ಕೈಕೊಟ್ಟ ವರ್ಷ, ಅದರಲ್ಲೂ ಕ್ಷಾರ ಹೆಚ್ಚಿರುವ ಎರೆಯಲ್ಲಿ, ಅದು ಬೇಗ ಹೋಗುವುದಿಲ್ಲ. ಕಡಲೆ ಹುಟ್ಟುತ್ತೆ, ಬೀಜದ ಸತ್ವ ಇರೋ ತನಕ ಚೆನ್ನಾಗೇ ಇರುತ್ತೆ, ಆಮೇಲೆ ಎಲೆ ಹಳದಿಯಾಗಿ ಅಂಚು ಸುಡುತ್ತೆ. ಅಂಗಡಿಯವರು ಇನ್ನೊಂದು ಬಾಟ್ಲಿ ಕೊಡ್ತಾರೆ!

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಸಾರಜನಕದಿಂದ ಬೋರಾನ್‌ವರೆಗೆ 12 ಅಂಶ ಇವೆ. ಕಳೆ ಔಷಧಿಯ ಸುದ್ದಿಯೇ ಇಲ್ಲ. ಕುಡಿಯುವ ನೀರಿಗಾದರೆ 2012ರ ಭಾರತೀಯ ಮಾನಕ ಉಂಟು: ಅಟ್ರಜಿನ್ ಲೀಟರಿಗೆ 2 ಮೈಕ್ರೋಗ್ರಾಂ ಮೀರಬಾರದು. ಅಳೆಯೋಕೆ ಮಾತ್ರ ದೊಡ್ಡ ಯಂತ್ರ ಇರುವ ಪ್ರಯೋಗಾಲಯವೇ ಬೇಕು.

ಸಕ್ಕರೆ ಕಾಯಿಲೆಯವರನ್ನು ನೋಡಿ. ಪಟ್ಟಿಗೆ ಒಂದು ಹನಿ ರಕ್ತ ಮುಟ್ಟಿಸಿದರೆ ಮನೆಯಲ್ಲೇ ಲೆಕ್ಕ ಗೊತ್ತಾಗುತ್ತೆ. ಆ ಪಟ್ಟಿಯಲ್ಲಿ ಕೆಲಸ ಮಾಡೋದು ಕಿಣ್ವ. ಕಳೆ ಔಷಧಿ ಪತ್ತೆಗೂ ವಿಜ್ಞಾನಿಗಳು ಇಂಥದ್ದು ಮಾಡಿ ನೋಡಿದ್ದಾರೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುತ್ತಲ್ಲ, ಅದೂ ಕಿಣ್ವದ್ದೇ ಆಟ. ಅದೇ ಬಳಗದ ಟೈರೋಸಿನೇಸ್ ಎಂಬ ಕಿಣ್ವವನ್ನು ಅಣಬೆಯಿಂದ ತೆಗೆದು ಕರೆಂಟು ಅಳೆಯುವ ಕಡ್ಡಿಗೆ ಅಂಟಿಸುತ್ತಾರೆ. ಕಿಣ್ವ ಕೆಲಸ ಮಾಡಿದಷ್ಟೂ ಕರೆಂಟು ಹರಿಯುತ್ತೆ. ಅಟ್ರಜಿನ್ ಇದ್ದರೆ ಕಿಣ್ವದ ಕೈ ಕಟ್ಟಿದಂತೆ, ಕರೆಂಟು ಇಳಿಯುತ್ತೆ. ಎಷ್ಟು ಇಳಿಯಿತೋ ಅದರ ಮೇಲೆ ಔಷಧಿಯ ಲೆಕ್ಕ.

ತೊಡಕೂ ಇವೆ. ಕಿಣ್ವ ಬಿಸಿಗೆ ಕೆಡುತ್ತೆ. ಬೇರೆ ವಿಷ, ಲೋಹ ಇದ್ದರೂ ಸುಮ್ಮನಾಗುತ್ತೆ, ಯಾವುದರಿಂದ ಅಂತ ಬಾಯಿಬಿಡೋದಿಲ್ಲ. ಮಣ್ಣಾದರೆ ಮೊದಲು ಔಷಧಿಯನ್ನು ದ್ರವಕ್ಕೆ ಇಳಿಸಿಕೊಳ್ಳಬೇಕು. ಇರಲಿ. ನಮಗೆ ಮೈಕ್ರೋಗ್ರಾಂ ಲೆಕ್ಕ ಬೇಡ. ಕಡಲೆ ಬಿತ್ತಬಹುದಾ, ಬೇಡವಾ ಅಷ್ಟು ಗೊತ್ತಾದರೆ ಸಾಕು. ಬೇಡ ಅಂದರೆ ಬಿಳಿಜೋಳದ ಬೀಜ ತರ್ತೀವಿ, ಅದು ಅಟ್ರಜಿನ್ ತಡೆಯುತ್ತೆ. ಔಷಧಿ ಮಾರಿ ಲಾಭ ಮಾಡೋರ ಖರ್ಚಲ್ಲೇ ಇಂಥ ಸಾಧನ ಪ್ರತಿ ರೈತ ಸಂಪರ್ಕ ಕೇಂದ್ರಕ್ಕೂ ಬರಬೇಕು ಅನ್ನೋದು ನನ್ನ ವಾದ. ಮಾರೋಕೆ ಹಳ್ಳಿಗೆ ಬರ್ತಾರೆ, ಅಳೆಯೋಕೆ ಯಾಕೆ ಬರಬಾರದು?

ಅಲ್ಲೀತನಕ ಕುಂಡವೇ ಗತಿ. ಹೊಲದ ನಾಲ್ಕೈದು ಕಡೆಯ ಮೇಲ್ಮಣ್ಣು ಒಂದು ಕುಂಡಕ್ಕೆ, ಔಷಧಿ ಬೀಳದ ಬದುವಿನ ಮಣ್ಣು ಇನ್ನೊಂದಕ್ಕೆ. ಎರಡರಲ್ಲೂ ಕಡಲೆ, ಸೌತೆ ಬೀಜ ಹಾಕಿ ಮೂರು ವಾರ ನೋಡಿ. ಮೊಳಕೆ ಬಂತು ಅಂತ ನಂಬಬೇಡಿ, ಎಲೆ ನೋಡಿ. ಇದನ್ನು ಮೆಕ್ಕೆಜೋಳ ಮುರಿಯೋಕೆ ಮುಂಚೆಯೇ ಶುರು ಮಾಡಬೇಕು. ಇಲ್ಲದಿದ್ದರೆ ಬಿತ್ತನೆಯ ಹದ ತಪ್ಪುತ್ತೆ.